‘ಕೆಳಮಟ್ಟದ ಲೇಸರ್ ಚಿಕಿತ್ಸೆ’: ಬೇರೆ ಪದ ಬೇಕಾಗಿದೆ

ಗೆಳೆಯರೇ,

ಶಿರಸಿ ಸುತ್ತಿನ ಹಳ್ಳಿಗಳಲ್ಲಿ ಓಡಾಡುವ ಪಶುವೈದ್ಯರೊಬ್ಬರು ನಾಲ್ಕು ಪುಟದ ಇಂಗ್ಲಿಷ್ ಬರಹ ತಂದು, ದನ ಸಾಕುವವರಿಗೆ ತಿಳಿಯುವ ಕನ್ನಡದಲ್ಲಿ ಬರೆದುಕೊಡಿ ಎಂದರು. ಶಸ್ತ್ರಚಿಕಿತ್ಸೆಯಾದ ಮೇಲೆ ಹೊಲಿಗೆ ಹಾಕಿದ ಜಾಗಕ್ಕೆ ಕಡಿಮೆ ಶಕ್ತಿಯ ಲೇಸರ್ ಬೆಳಕು ಹಾಯಿಸುವ ಚಿಕಿತ್ಸೆ ಅದು. ‘ಲೋ ಲೆವೆಲ್ ಲೇಸರ್ ಥೆರಪಿ’ ಎಂಬ ಅದರ ಇಂಗ್ಲಿಷ್ ಹೆಸರಿಗೆ ನಾನು ಪದಕ್ಕೆ ಪದ ಇಟ್ಟು ‘ಕೆಳಮಟ್ಟದ ಲೇಸರ್ ಚಿಕಿತ್ಸೆ’ ಎಂದು ಬರೆದೆ.

ಕರಡನ್ನು ಮೊದಲು ಓದಿದವರು ಒಬ್ಬ ಎಮ್ಮೆಯ ಒಡತಿ. ಹೊಟ್ಟೆ ಕೊಯ್ದು ಕರು ತೆಗೆದ ಎಮ್ಮೆ, ಎಡ ಪಕ್ಕೆಯಲ್ಲಿ ಗೇಣಿಗಿಂತ ಉದ್ದದ ಹೊಲಿಗೆ. ಓದಿ ತಲೆ ಎತ್ತಿದವರು, “ನಮ್ಮ ಎಮ್ಮೆಗೆ ಯಾಕೆ ಡಾಕ್ಟರೇ ಕೆಳಮಟ್ಟದ್ದು? ಒಳ್ಳೆಯದನ್ನೇ ಕೊಡಿ, ದುಡ್ಡು ಕೊಡುತ್ತೇವೆ” ಎಂದರು. ನನಗೆ ಆಗಲೇ ತಪ್ಪು ಹೊಳೆದದ್ದು. ಕೆಳಮಟ್ಟ ಎಂದರೆ ಕನ್ನಡದಲ್ಲಿ ಅಳತೆಯಲ್ಲ, ಬೆಲೆ. ಕೆಳಮಟ್ಟದ ಮಾತು, ಕೆಳಮಟ್ಟದ ರಾಜಕೀಯ. ಅಡಿಕೆ ಪೇಟೆಯಲ್ಲಾದರೆ ರಾಶಿ, ಚಾಲಿ ಎಂಬ ಒಳ್ಳೆಯ ಅಡಿಕೆಗಳ ಮುಂದೆ ಕಡಿಮೆ ಬೆಲೆಯ ಕೋಕ.

ಅವರ ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದದ್ದು: “ಬರೆ ಹಾಕಿದ ಹಾಗೆ ಸುಡುತ್ತದೆಯೇ?” ಕಾಯಿಸಿದ ಕಬ್ಬಿಣದಿಂದ ದನಕ್ಕೆ ಬರೆ ಎಳೆಯುವುದನ್ನು ಕಂಡವರಿಗೆ ಈ ಹೆದರಿಕೆ ಸಹಜ. ಲೇಸರ್ ಎಂದರೆ ಕೊರೆಯುವ, ಸುಡುವ ಬೆಳಕು ಎಂದೇ ಎಲ್ಲರೂ ಕೇಳಿರುವುದು. ಹಾಗಾದರೆ ‘ಸುಡದ ಲೇಸರ್’ ಎಂದುಬಿಡೋಣ ಎಂದೆ. ವೈದ್ಯರು ಒಪ್ಪಲಿಲ್ಲ, ಅವರದೇ ಸರಿ. ಲೇಸರುಗಳನ್ನು ಅಪಾಯದ ಮೇಲೆ ವಿಂಗಡಿಸುವಾಗ ನಾಲ್ಕನೇ ದರ್ಜೆಗೆ ಸೇರುವ, 500 ಮಿಲಿವ್ಯಾಟ್ ಮೀರಿದ ಪ್ರಬಲ ಯಂತ್ರಗಳೂ ಈಗ ಇದೇ ಹೆಸರಿನಲ್ಲಿ ಬಳಕೆಯಲ್ಲಿವೆ. ಅವುಗಳ ಹಿಡಿಕೆಯನ್ನು ಒಂದೇ ಕಡೆ ನಿಲ್ಲಿಸಿದರೆ ಚರ್ಮ ಬಿಸಿಯಾಗುತ್ತದೆ, ಅದರಲ್ಲೂ ಬೆಳಕನ್ನು ಹೆಚ್ಚು ಹೀರುವ ಕಪ್ಪು ಚರ್ಮ. ಎಮ್ಮೆಗೆ ಇನ್ನಷ್ಟು ಎಚ್ಚರ ಬೇಕು. ‘ತಣ್ಣನೆಯ ಲೇಸರ್’ ಕೂಡ ಇದೇ ಕಾರಣಕ್ಕೆ ಬಿದ್ದುಹೋಯಿತು. ‘ಕಿರಣ ಚಿಕಿತ್ಸೆ’ ಎಂದರೆ ಕ್ಯಾನ್ಸರಿಗೆ ‘ಕರೆಂಟ್ ಕೊಡುವುದು’ ನೆನಪಾಗುತ್ತದೆ. ಬರಿಯ ‘ಬೆಳಕಿನ ಚಿಕಿತ್ಸೆ’ ಎಂದರೆ ಕಾಮಾಲೆಯಾದ ಹಸುಗೂಸನ್ನು ದೀಪದ ಕೆಳಗೆ ಇಡುವುದು. ‘ಅಲ್ಪಶಕ್ತಿ ಲೇಸರ್’ ತಪ್ಪಲ್ಲ, ಆದರೆ ಅಲ್ಪ ಎನ್ನುವಾಗಲೂ ಸಾಲದು ಎಂಬ ಧ್ವನಿ ಬರುತ್ತದೆ.

ಇಂಗ್ಲಿಷಿನಲ್ಲೇ ಈ ಹೆಸರು ನೆಲೆ ನಿಂತಿಲ್ಲ. 1960ರಲ್ಲಿ ಮೊದಲ ಲೇಸರ್ ಬಂತು. 1967ರಲ್ಲಿ ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್ ಕೂದಲು ಬೋಳಿಸಿದ ಇಲಿಗಳ ಮೇಲೆ ಮಂದವಾದ ಮಾಣಿಕ್ಯ ಲೇಸರ್ ಹಾಯಿಸಿದಾಗ, ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗ ಬೆಳೆಯಿತು. ಅಲ್ಲಿಂದ ಗಾಯಗಳತ್ತ ಗಮನ ಹರಿಯಿತು. ಈಗ ತಜ್ಞರು ‘ಫೋಟೋಬಯೋಮಾಡ್ಯುಲೇಷನ್’ ಎನ್ನುತ್ತಾರೆ. 600ರಿಂದ 1000 ನ್ಯಾನೋಮೀಟರ್ ತರಂಗಾಂತರದ ನಡುವಿನ ಕೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಎಂಬ ಭಾಗ ಹೀರಿಕೊಂಡು, ಕೋಶದ ಕೆಲಸ ಚುರುಕಾಗುತ್ತದೆ ಎಂಬುದು ವಿವರಣೆ. ‘ದ್ಯುತಿಜೈವಿಕ ನಿಯಂತ್ರಣ’ ಎಂದು ಬರೆದರೆ ಪರೀಕ್ಷೆಯ ಉತ್ತರಪತ್ರಿಕೆಗೆ ಸರಿ, ಕೊಟ್ಟಿಗೆಗೆ ಅಲ್ಲ.

ನನ್ನ ಮನಸ್ಸು ನಿಂತಿರುವುದು ‘ಹದ’ ಎಂಬ ಪದದ ಮೇಲೆ. ಈ ಬೆಳಕನ್ನು ಚದರ ಸೆಂಟಿಮೀಟರಿಗೆ ಇಷ್ಟು ಜೂಲ್ (ಶಕ್ತಿಯ ಅಳತೆ) ಎಂದು ಅಳೆದು ಕೊಡುತ್ತಾರೆ. ಕಡಿಮೆಯಾದರೆ ಪರಿಣಾಮವಿಲ್ಲ, ಹೆಚ್ಚಾದರೆ ಮಾಯುವಿಕೆಗೇ ಅಡ್ಡಿ. ಇದನ್ನು ಓದಿದಾಗ ನನಗೆ ಆಲೆಮನೆಯೇ ಕಣ್ಣಮುಂದೆ ಬಂತು. ಜೋನಿ ಬೆಲ್ಲವನ್ನು, ಅಂದರೆ ನೀರಾಗಿಯೇ ಉಳಿಯುವ ಬೆಲ್ಲವನ್ನು, ಬೇಗ ಇಳಿಸಿದರೆ ನೀರು ಉಳಿದು ಹುಳಿಯಾಗುತ್ತದೆ, ತಡವಾದರೆ ಕಟ್ಟಿಕೊಳ್ಳುತ್ತದೆ. ಕೊಪ್ಪರಿಗೆಯ ಪಕ್ಕ ನಿಂತವನು ಒಂದು ಹನಿಯನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಒತ್ತಿ ನೋಡಿ ‘ಹದ ಬಂತು’ ಎನ್ನುತ್ತಾನೆ. ಹೊಸ ಇಂಗ್ಲಿಷ್ ಹೆಸರಿನ ‘ಮಾಡ್ಯುಲೇಷನ್’ ಕೂಡ ಹದಗೊಳಿಸುವುದೇ. ‘ಹದಬೆಳಕಿನ ಚಿಕಿತ್ಸೆ’ ಎಂದರೆ ಕಡಿಮೆ ಎಂಬ ಕೊರತೆಯೂ ಇಲ್ಲ, ಸುಡುವ ಭಯವೂ ಇಲ್ಲ. ಒಂದೇ ತೊಡಕು: ‘ಚರ್ಮ ಹದ ಮಾಡುವುದು’ ಎಂದರೆ ಸತ್ತ ದನದ ತೊಗಲಿನ ಕೆಲಸ. ಬದುಕಿರುವ ದನದ ಚರ್ಮದ ಬಗ್ಗೆ ಬರೆಯುವಾಗ ಆ ನೆರಳು ಬೀಳುತ್ತದೆಯೇ? ನನಗೆ ಬೀಳುವುದಿಲ್ಲ, ಆದರೆ ನನ್ನೊಬ್ಬನ ಕಿವಿಯನ್ನು ನಂಬುವಂತಿಲ್ಲ.

ಇನ್ನೊಂದು ಪದ ‘ಮಾಯು’. ನಮ್ಮ ಅಜ್ಜಿ ಗಾಯ ವಾಸಿಯಾಯಿತು ಎಂದವರಲ್ಲ, ಮಾಯಿತು ಎನ್ನುತ್ತಿದ್ದರು. ವಾಸಿಯಾಗುವುದು ಜ್ವರಕ್ಕೂ ಆಗುತ್ತದೆ. ಮಾಯುವುದರಲ್ಲಿ ಅಂಚು ಕೂಡಿ, ಹಕ್ಕಳೆ ಉದುರಿ, ಹೊಸ ಚರ್ಮ ಬರುವುದೆಲ್ಲ ಇದೆ. ನಾನು ‘ಗಾಯ ಬೇಗ ಮಾಯಲು ನೆರವಾಗಬಹುದು’ ಎಂದು ಬರೆದಿದ್ದೆ. ಅಕ್ಷರ ಜೋಡಿಸಿದ ಹುಡುಗ ಅದನ್ನು ‘ಗಾಯ ಬೇಗ ಮಾಯವಾಗುತ್ತದೆ’ ಎಂದು ತಿದ್ದಿದ. ಹಳಗನ್ನಡದ ‘ಮಾಯ್’ ಬೇರೆ, ಸಂಸ್ಕೃತದ ಮಾಯೆಯಿಂದ ಬಂದ ಮಾಯ ಬೇರೆ. ಪದದ ಜೊತೆಗೆ ಮಾತಿನ ತೂಕವೂ ಬದಲಾಯಿತು, ನನಗೆ ಹೆಚ್ಚು ನೋವಾದದ್ದು ಅದಕ್ಕೆ. ನಾಯಿಗಳ ಶಸ್ತ್ರಗಾಯಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಕೆಲವು ಲಾಭ ಕಂಡಿವೆ, ಕೆಲವು ಯಾವ ವ್ಯತ್ಯಾಸವನ್ನೂ ಕಂಡಿಲ್ಲ. ಗಡ್ಡೆಯಿರುವ ಜಾಗಕ್ಕೆ ಈ ಬೆಳಕು ಹಾಯಿಸಬಾರದು ಎಂಬ ಎಚ್ಚರಿಕೆಯೂ ವೈದ್ಯರು ತಂದ ಇಂಗ್ಲಿಷ್ ಬರಹದಲ್ಲಿದೆ. ಆದ್ದರಿಂದ ‘ನೆರವಾಗಬಹುದು’ ಎಂಬುದನ್ನು ಮತ್ತೆ ಸೇರಿಸಿದ್ದೇನೆ.

ನಿಮ್ಮಲ್ಲಿ ಕೇಳುವುದು ಎರಡು. ‘ಹದಬೆಳಕು’ ನಿಮ್ಮ ಊರಿನ ಕಿವಿಗೆ ಹೇಗೆ ಕೇಳಿಸುತ್ತದೆ? ಕುಮಟಾ, ಹೊನ್ನಾವರ, ಅಂಕೋಲಾ ಕಡೆಯ ಮನೆಗಳಲ್ಲಿ ದನದ ಗಾಯ ಕೂಡಿಕೊಂಡಾಗ ಏನೆನ್ನುತ್ತೀರಿ? ಎಮ್ಮೆಯ ಒಡತಿಗೆ ತಿದ್ದಿದ ಕರಡನ್ನು ಮತ್ತೆ ಓದಿ ಹೇಳುವುದಿದೆ, ಅದಕ್ಕೆ ಮೊದಲು ನಿಮ್ಮ ಮಾತು ಬೇಕು.