ಎಂಜಿನ್ ಹೇಗೂ ಇಳಿಸಬೇಕು, ದೊಡ್ಡದೇ ಮಾಡಿಬಿಡೋಣ ಅಂತಿದ್ದಾರೆ ಗೆಳೆಯರು. ಏನು ಮಾಡಲಿ?

ತುಕ್ಕುರಾಯ:

ನಮಸ್ಕಾರ ಎಲ್ಲರಿಗೂ. ಕಥೆ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ನನ್ನ ಹತ್ತಿರ 1972ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಒಂದಿದೆ, ಎಂಜಿನ್ ಹಿಂದೆ ಇರುವಂಥದ್ದು. ಎರಡು ವರ್ಷದಿಂದ ಭಾನುವಾರ ಬಂತು ಅಂದರೆ ನಾನೂ ಮೂವರು ಗೆಳೆಯರೂ ಅದರ ಕೆಳಗೇ ಇರುತ್ತೇವೆ. ತಂದಾಗ ನೆಲದ ತಗಡನ್ನು ತುಕ್ಕು ಎಷ್ಟು ತಿಂದಿತ್ತು ಅಂದರೆ, ಹಿಂದಿನ ಸೀಟು ಎತ್ತಿ ಬ್ಯಾಟರಿ ಇಡುವ ಜಾಗದಲ್ಲಿ ಕೈ ಹಾಕಿದರೆ ಕೆಳಗಿನ ಹುಲ್ಲು ಸಿಗುತ್ತಿತ್ತು. ಒಬ್ಬನಿಗೆ ವೆಲ್ಡಿಂಗ್ ಚೆನ್ನಾಗಿ ಬರುತ್ತದೆ, ಅವನು ಎರಡೂ ಕಡೆ ಹೊಸ ತಗಡು ಕೂರಿಸಿಕೊಟ್ಟ. ಇನ್ನೊಬ್ಬ ವೈರಿಂಗ್ ಪೂರ್ತಿ ಹೊಸದಾಗಿ ಎಳೆದ. ಮೂರನೆಯವನಿಗೆ ಇಂಥದ್ದೇ ಅಂತ ಕೆಲಸ ಇಲ್ಲ. ಟಾರ್ಚ್ ಹಿಡಿಯುತ್ತಾನೆ, ಫೋಟೋ ತೆಗೆಯುತ್ತಾನೆ, ತಮಾಷೆ ಮಾಡುತ್ತಾನೆ, ಆದರೆ ಅವನು ಬರದ ದಿನ ಯಾಕೋ ಕೆಲಸವೇ ಸಾಗಲ್ಲ.

ಎಂಜಿನ್ 1600 ಸಿಸಿಯದು. ಪೂರ್ತಿ ಬಿಚ್ಚಿ, ಬೇರಿಂಗ್ ಎಲ್ಲ ಹೊಸದು ಹಾಕಿ, ಪಿಸ್ಟನ್ ಮಾತ್ರ ಮೊದಲಿದ್ದ ಅಳತೆಯದ್ದೇ ಹಾಕಿ ಜೋಡಿಸಿದೆವು. ಇದಕ್ಕೇ ನಾಲ್ಕೈದು ಭಾನುವಾರ ಹಿಡಿಯಿತು. ಮೂರು ವಾರದ ಹಿಂದೆ ಮೊದಲ ಸಲ ಸ್ಟಾರ್ಟ್ ಆಯಿತು, ನಾಲ್ಕೂ ಜನ ಹುಚ್ಚರ ಹಾಗೆ ಕುಣಿದೆವು. ಅರ್ಧ ಗಂಟೆ ಓಡಿದ ಮೇಲೆ ಕೆಳಗೆ ನೋಡಿದರೆ ಎಣ್ಣೆ. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದಿಂದ ಸುರಿಯುತ್ತಿದೆ. ಹನಿ ಅಲ್ಲ ಮಾರಾಯ್ರೆ, ರಾತ್ರಿ ಕೆಳಗೆ ಹಾಕಿದ ರಟ್ಟು ಬೆಳಗ್ಗೆ ಎತ್ತಿದರೆ ಹಪ್ಪಳದ ಹಿಟ್ಟಿನ ಹಾಗೆ ಕೈಗೆ ಬಂತು. ಕ್ಲಚ್ ಒತ್ತಿದಾಗ ಹಿಂದಿನಿಂದ ಒಂದು ‘ಟಕ್’ ಅಂತ ಬೇರೆ ಕೇಳುತ್ತದೆ.

ಈಗ ಎಂಜಿನ್ ಇಳಿಸಲೇಬೇಕು. ವೈರಿಂಗ್ ಗೆಳೆಯ ಹೇಳುತ್ತಾನೆ, ಹೇಗೂ ಇಳಿಸುತ್ತೀವಲ್ಲ, 87 ಎಂಎಂ ಸಿಲಿಂಡರ್ ಸೆಟ್ ತಂದು ಹಾಕಿಬಿಡೋಣ, ಕೊರೆಯೋದು ಏನೂ ಇಲ್ಲ, ಒಂದು ಭಾನುವಾರದ ಕೆಲಸ. ಮೂರನೆಯವನು, ಮಾಡೋದಾದರೆ 1776 ಸಿಸಿ ಮಾಡಿ, ಇಲ್ಲಾಂದ್ರೆ ಸುಮ್ನಿರಿ ಅಂತಾನೆ. ವೆಲ್ಡಿಂಗ್ ಗೆಳೆಯ ಏನೂ ಹೇಳುತ್ತಿಲ್ಲ, ಕಳೆದ ವಾರ ಬರಲೂ ಇಲ್ಲ. ಫ್ಲೈವೀಲ್ (ಎಂಜಿನ್ನಿನ ತುದಿಯ ಭಾರದ ಚಕ್ರ) ಕಡೆ ಕೆಲಸ ಶುರು ಮಾಡಿದ್ದು ಅವನು. ಎಣ್ಣೆ ಸೋರಿದ್ದಕ್ಕೆ ತನ್ನನ್ನೇ ದೂರುತ್ತೀವಿ ಅಂದುಕೊಂಡನೋ ಏನೋ. ಪುಕ್ಕಟೆ ಬಂದು ಕೈ ಕಪ್ಪು ಮಾಡಿಕೊಳ್ಳುವವರನ್ನು ‘ಎಣ್ಣೆ ತಡೆಯುವ ಆ ಸೀಲ್ ಕೂರಿಸಿದ್ದು ಯಾರಪ್ಪಾ’ ಅಂತ ಕೇಳೋದು ಹೇಗೆ?

ಎರಡು ಪ್ರಶ್ನೆ. ಸೋರುತ್ತಿರುವುದು ಎಲ್ಲಿಂದ ಅಂತ ಇಳಿಸುವ ಮೊದಲೇ ಗೊತ್ತಾಗುತ್ತದಾ? ಎಂಜಿನ್ ದೊಡ್ಡದು ಮಾಡಲಾ, ಬೇಡವಾ?


ಹಳೇಪಾನಾ:

ಮೊದಲು ಮೂಗು ಉಪಯೋಗಿಸಿ. ಆ ಜಾಗದಿಂದ ಎರಡು ಎಣ್ಣೆ ಬರಬಹುದು. ಒಂದು ಎಂಜಿನ್ನಿನದು, ಫ್ಲೈವೀಲ್ ಹಿಂದಿನ ದೊಡ್ಡ ಸೀಲಿನಿಂದ. ಇನ್ನೊಂದು ಗೇರ್‌ಬಾಕ್ಸಿನದು, ಮೇನ್ ಶಾಫ್ಟ್ ಸೀಲಿನಿಂದ. ಬೆರಳಿಗೆ ಹಚ್ಚಿ ಮೂಸಿ. ಗೇರ್ ಎಣ್ಣೆಗೆ ಗಂಧಕದ ವಾಸನೆ ಇರುತ್ತದೆ, ಒಂದು ಸಲ ಮೂಸಿದವರು ಮರೆಯಲ್ಲ.

ಆದರೆ ನನಗೆ ಎಣ್ಣೆಗಿಂತ ಆ ‘ಟಕ್’ ಮೇಲೆ ಅನುಮಾನ ಜಾಸ್ತಿ. ಎಂಜಿನ್ ಆಫ್ ಇರಲಿ. ಒಬ್ಬರು ಒಳಗೆ ಕೂತು ಕ್ಲಚ್ ಒತ್ತಿ ಬಿಡಲಿ, ನೀವು ಹಿಂದೆ ಬಗ್ಗಿ ಕ್ರ್ಯಾಂಕ್ ಶಾಫ್ಟಿನ ತುದಿಯ ಪುಲ್ಲಿ ನೋಡಿ. ಅದು ಹಿಂದಕ್ಕೂ ಮುಂದಕ್ಕೂ ಹೋಗುವುದು ಕಣ್ಣಿಗೇ ಕಂಡರೆ ಮುಗೀತು, ಕ್ರ್ಯಾಂಕಿನ ಎಂಡ್ ಪ್ಲೇ, ಅಂದರೆ ಉದ್ದಕ್ಕೆ ಹಿಂದೆ ಮುಂದೆ ಸರಿಯುವ ಆಟ, ತಪ್ಪಿದೆ. ಸರಿ ಇದ್ದರೆ ಕಣ್ಣಿಗೆ ಕಾಣಲ್ಲ. ಅಲ್ಲಿ ಇರಬೇಕಾದ ಆಟ 0.07ರಿಂದ 0.13 ಎಂಎಂ, 0.15 ಅಂದರೆ ಸವೆತದ ಕೊನೆ ಮಿತಿ.

ಅಲ್ಲಿಯವರೆಗೆ ದಯವಿಟ್ಟು ಸ್ಟಾರ್ಟ್ ಮಾಡಬೇಡಿ. ಕ್ಲಚ್ ಒತ್ತಿದಾಗಿನ ತಳ್ಳುವಿಕೆಯೆಲ್ಲ ಫ್ಲೈವೀಲ್ ಪಕ್ಕದ ಮೊದಲನೇ ಮೇನ್ ಬೇರಿಂಗಿನ ಅಂಚಿನ ಮೇಲೇ ಬೀಳುತ್ತದೆ. ಹೀಗೇ ಬಡಿಯುತ್ತಾ ಹೋದರೆ ಬೇರಿಂಗ್ ಜೊತೆಗೆ ಅದು ಕೂತಿರುವ ಎಂಜಿನ್ ಕೇಸಿನ (ಹೊರಗವಚದ) ಜಾಗವೂ ಹಾಳಾಗುತ್ತದೆ. ಕೇಸ್ ಮೆಗ್ನೀಶಿಯಂ ಮಿಶ್ರ ಲೋಹ, ಮೆತ್ತಗೆ. ಆಮೇಲೆ 87ಓ 1776ಓ ಅನ್ನುವ ಚರ್ಚೆಯೇ ಬೇಕಾಗಲ್ಲ.


ಗಾಳಿಎಂಜಿನ್:

ಎಣ್ಣೆ ವಿಷಯಕ್ಕೆ ಹಳೇಪಾನಾ ಅಣ್ಣ ಇದ್ದಾರೆ, ನಾನು ಸಿಲಿಂಡರ್ ವಿಷಯ ಮಾತ್ರ ಹೇಳುತ್ತೇನೆ.

ನಿಮ್ಮ 1600ರಲ್ಲಿ ಇರುವುದು 85.5 ಎಂಎಂ ಬೋರ್ (ಸಿಲಿಂಡರಿನ ಒಳಗಿನ ಅಗಲ), 69 ಎಂಎಂ ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಲೆಕ್ಕ ಹಾಕಿದರೆ 1584 ಸಿಸಿ. 87 ಹಾಕಿದರೆ 1641. ಬಂದಿದ್ದು 57 ಸಿಸಿ, ಅಷ್ಟೇ. ಆ 57 ಸಿಸಿ ಬಂದಿದ್ದೆಲ್ಲಿಂದ? ಸಿಲಿಂಡರ್ ಗೋಡೆಯಿಂದ. ಕೇಸಿನ ತೂತು ದೊಡ್ಡದು ಮಾಡದೆ ಬೋರ್ ದೊಡ್ಡದು ಮಾಡಿದ್ದಾರೆ ಅಂದಮೇಲೆ ಗೋಡೆ ತೆಳ್ಳಗಾಗಲೇಬೇಕು. ಗಾಳಿಯಲ್ಲಿ ತಣಿಯುವ ಎಂಜಿನ್ನಿಗೆ ಗೋಡೆ ತೆಳ್ಳಗಾದರೆ, ಬಿಸಿ ಏರಿದಾಗ ದುಂಡಗಿನ ಸಿಲಿಂಡರ್ ದುಂಡಗೆ ಉಳಿಯಲ್ಲ, ರಿಂಗು ಸರಿಯಾಗಿ ಕೂರಲ್ಲ, ಎಣ್ಣೆ ಕುಡಿಯಲು ಶುರು. ಅದನ್ನೇ ಹಾಕಿಕೊಂಡು ಆರಾಮಾಗಿ ಓಡಿಸುವವರೂ ಇದ್ದಾರೆ, ಇಲ್ಲ ಅನ್ನಲ್ಲ. ನಾನಾಗಿದ್ದರೆ ಹಾಕಲ್ಲ.

1776 ಬೇರೆ ಮಾತು. ಅದು 90.5 ಎಂಎಂ, ಗೋಡೆ ದಪ್ಪ ಇರುತ್ತದೆ, ಚೆನ್ನಾಗಿ ಬಾಳುತ್ತದೆ. ಆದರೆ ಕೇಸು, ಹೆಡ್ಡು ಎರಡನ್ನೂ ಮಷೀನ್ ಶಾಪಿಗೆ ಕೊಟ್ಟು ಕೊರೆಸಬೇಕು. ಅಂದರೆ ಮೊನ್ನೆ ತಾನೇ ಜೋಡಿಸಿದ ಎಂಜಿನ್ ಕಡೇ ಬೋಲ್ಟಿನವರೆಗೂ ಬಿಚ್ಚಬೇಕು. ಅಲ್ಲಿಗೂ ನಿಲ್ಲಲ್ಲ. ಒಂದೇ ಸಣ್ಣ ಕಾರ್ಬುರೇಟರ್ ಸಾಲಲ್ಲ ಅಂತ ಎರಡು ಬರುತ್ತವೆ, ಅದಕ್ಕೆ ತಕ್ಕ ಎಕ್ಸಾಸ್ಟ್ ಬರುತ್ತದೆ, ಆಮೇಲೆ ಗಾಡಿ ಜೋರಾಗಿ ಹೋಗುತ್ತದೆ ಅಂತ ಬ್ರೇಕ್ ನೆನಪಾಗುತ್ತದೆ. ಡ್ರಮ್ ತೆಗೆದು ಡಿಸ್ಕ್ ಹಾಕುತ್ತೀರಿ, ಮಾಸ್ಟರ್ ಸಿಲಿಂಡರ್ ಮಾತ್ರ ಡ್ರಮ್ಮಿನದೇ ಉಳಿಸುತ್ತೀರಿ. ಅದರೊಳಗಿನ ವಾಲ್ವ್ ಲೈನಿನಲ್ಲಿ ಸ್ವಲ್ಪ ಒತ್ತಡ ಹಿಡಿದಿಟ್ಟಿರುತ್ತದೆ, ಡಿಸ್ಕ್ ಪೂರ್ತಿ ಬಿಡಲ್ಲ, ಚಕ್ರ ಬಿಸಿಯಾಗಿ ಹೊಗೆ ಬರುತ್ತದೆ. ಇದು ಯಾರದೋ ಕಥೆ ಅಲ್ಲ, ನನ್ನದೇ.

ಈಗ ಇರುವುದನ್ನು ಒಂದು ವರ್ಷ ಓಡಿಸಿ. ಇನ್ನೊಂದು ಮಾತು, ಎಂಜಿನ್ ಸುತ್ತಲಿನ ತಗಡು, ರಬ್ಬರ್ ಅಂಚು ಎಲ್ಲ ವಾಪಸ್ ಹಾಕಿದ್ದೀರಾ? ಅದನ್ನು ಅಲಂಕಾರ ಅಂತ ಎಸೆದವರು ಬೇಕಾದಷ್ಟು ಜನ. ಅದಿಲ್ಲದಿದ್ದರೆ ಕೆಳಗಿನ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಎಳೆದು ಸಿಲಿಂಡರಿಗೆ ಊದುತ್ತದೆ.


ಸಂಜೆಗ್ಯಾರೇಜ್:

ಸಿಸಿ ಬಗ್ಗೆ ನನಗೆ ಗೊತ್ತಿಲ್ಲ, ಗೆಳೆಯರ ಬಗ್ಗೆ ಗೊತ್ತು.

ನಾವೂ ನಾಲ್ಕು ಜನ ಸೇರಿ ಒಂದು ಗಾಡಿ ಕಟ್ಟಿದ್ದೆವು. ಒಬ್ಬ ಮುಂದಿನ ಬ್ರೇಕ್ ಪೈಪಿನ ನಟ್ಟು ಕೈಯಲ್ಲೇ ತಿರುಗಿಸಿ, ಪಾನಾ ತರುತ್ತೇನೆ ಅಂತ ಹೋದ. ಅಷ್ಟರಲ್ಲಿ ಯಾರೋ ಫೋನ್ ಮಾಡಿದರು, ಹೊರಟುಹೋದ. ಮುಂದಿನ ವಾರ ನಾನು ನೋಡಿದೆ, ನಟ್ಟು ಇದೆ, ಸರಿ ಅಂದುಕೊಂಡು ಚಕ್ರ ಹಾಕಿದೆ. ಪುಣ್ಯಕ್ಕೆ ಅಂಗಳದಲ್ಲೇ ಪೆಡಲ್ ನೆಲಕ್ಕೆ ಹೋಯಿತು, ರಸ್ತೆಯಲ್ಲಿ ಆಗಲಿಲ್ಲ. ಅವನು ತಪ್ಪು ಮಾಡಿದನಾ? ನಾನು ಮಾಡಿದೆನಾ? ಒಂದು ವಾರ ಇಬ್ಬರೂ ಮಾತು ಬಿಟ್ಟಿದ್ದೆವು ಅನ್ನೋದು ಬೇರೆ ಕಥೆ.

ಆವತ್ತಿನಿಂದ ಹಳದಿ ಟೇಪ್ ಬಂತು. ಅರ್ಧಕ್ಕೆ ಬಿಟ್ಟ ಯಾವ ಕೆಲಸಕ್ಕೂ ಟೇಪ್ ಅಂಟಿಸಿ, ಏನು ಬಾಕಿ ಅಂತ ಅದರ ಮೇಲೇ ಬರೆಯಬೇಕು. ಪೂರ್ತಿ ಬಿಗಿ ಮಾಡಿದ ಬೋಲ್ಟಿನ ತಲೆ ಮೇಲೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ. ಗೆರೆ ಇಲ್ಲ ಅಂದರೆ ಬಿಗಿ ಆಗಿಲ್ಲ ಅಂತಲೇ ಲೆಕ್ಕ, ಎಂಥಾ ಗೆಳೆಯನೇ ಬಾಯಲ್ಲಿ ಹೇಳಲಿ.

ನಿಮ್ಮ ವೆಲ್ಡಿಂಗ್ ಗೆಳೆಯನಿಗೆ ಫೋನ್ ಮಾಡಿ. ಸೀಲ್ ವಿಷಯ ಎತ್ತಬೇಡಿ. ಎಂಜಿನ್ ಇಳಿಸಲು ಕೈ ಬೇಕು ಬಾ ಅನ್ನಿ, ಅಷ್ಟು ಸಾಕು. ಎಂಜಿನ್ ಹಿಡಿದಿರುವ ಆ ಬಲಗಡೆ ಮೇಲಿನ ಬೋಲ್ಟ್ ಒಬ್ಬರಿಂದ ಆಗುವುದೂ ಇಲ್ಲ.


ತುಕ್ಕುರಾಯ:

ಹಳೇಪಾನಾ ಅಣ್ಣ, ಪುಲ್ಲಿ ಓಡಾಡುತ್ತಿದೆ. ಚೆನ್ನಾಗಿಯೇ ಓಡಾಡುತ್ತಿದೆ. ಮೂಸಿಯೂ ಆಯಿತು, ಎಂಜಿನ್ ಎಣ್ಣೆಯೇ. ಸ್ಟಾರ್ಟ್ ಮಾಡೋದು ನಿಲ್ಲಿಸಿದ್ದೇವೆ. ಭಾನುವಾರ ಇಳಿಸುತ್ತೇವೆ, ವೆಲ್ಡಿಂಗ್ ಗೆಳೆಯ ಬರುತ್ತೇನೆ ಅಂದಿದ್ದಾನೆ. ತಗಡು, ರಬ್ಬರ್ ಎಲ್ಲ ಇದೆ. ಆಟ ಅಳೆಯೋದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಿ.


ಹಳೇಪಾನಾ:

ಎಂಜಿನ್ ಹಿಡಿದಿರುವುದು ನಾಲ್ಕೇ ಬೋಲ್ಟು ಅಂತ ಹಗುರವಾಗಿ ತಗೋಬೇಡಿ, ತೂಕ ನೂರು ಕೆಜಿಗೂ ಜಾಸ್ತಿ. ಮೊದಲು ಬ್ಯಾಟರಿ ವೈರ್ ತೆಗೆಯಿರಿ. ಪೆಟ್ರೋಲ್ ಪೈಪ್ ಬಿಚ್ಚುವ ಮೊದಲು ಅದಕ್ಕೊಂದು ಕ್ಲ್ಯಾಂಪ್ ಹಾಕಿ, ಟ್ಯಾಂಕ್ ಮುಂದೆ ಇದ್ದರೂ ಪೆಟ್ರೋಲ್ ಹಿಂದಕ್ಕೆ ಹರಿದು ಬರುತ್ತದೆ. ಎಂಜಿನ್ ಹಿಂದಕ್ಕೆ ಎಳೆಯುವಾಗ ಗೇರ್‌ಬಾಕ್ಸ್ ಶಾಫ್ಟಿನ ಮೇಲೆ ತೂಗಾಡಲು ಬಿಡಬೇಡಿ, ಕ್ಲಚ್ ಪ್ಲೇಟ್ ಸೊಟ್ಟ ಆಗುತ್ತದೆ. ಗಾಡಿ ಸ್ಟ್ಯಾಂಡ್ ಮೇಲೆ ನಿಂತಿರಬೇಕು. ಬರೀ ಜ್ಯಾಕ್ ನಂಬಿ ಯಾರೂ ಕೆಳಗೆ ಹೋಗಬೇಡಿ.

ಅಳತೆಗೆ ಡಯಲ್ ಗೇಜ್ ಬೇಕು. ಅದರ ಮ್ಯಾಗ್ನೆಟ್ ಕೇಸಿಗೆ ಅಂಟಲ್ಲ, ಮೆಗ್ನೀಶಿಯಂ ಅಲ್ವಾ. ಫ್ಲೈವೀಲಿಗೆ ಅಂಟಿಸಿ ಗೇಜಿನ ಕಡ್ಡಿಯ ತುದಿಯನ್ನು ಕೇಸಿಗೆ ತಾಗಿಸಿ. ಫ್ಲೈವೀಲ್ ಹಿಡಿದು ಒಳಕ್ಕೆ ತಳ್ಳಿ, ಹೊರಕ್ಕೆ ಎಳೆಯಿರಿ, ಮುಳ್ಳು ಎಷ್ಟು ತಿರುಗಿತು ಅಂತ ನೋಡಿ.

ಜೋಡಿಸುವಾಗಿನ ಕ್ರಮ ಹೀಗೆ. ಸೀಲ್ ಹಾಕದೆ ಎರಡು ಶಿಮ್ (ಆಟ ಹೊಂದಿಸುವ ತೆಳ್ಳನೆಯ ಲೋಹದ ಉಂಗುರ) ಮಾತ್ರ ಹಾಕಿ, ಫ್ಲೈವೀಲ್ ಬಿಗಿ ಮಾಡಿ ಅಳೆಯಬೇಕು. ಬಂದ ಅಳತೆಯಲ್ಲಿ 0.10 ಕಳೆದರೆ ಮೂರನೇ ಶಿಮ್ಮಿನ ದಪ್ಪ ಸಿಗುತ್ತದೆ. ಆಮೇಲೆ ಫ್ಲೈವೀಲ್ ತೆಗೆದು, ಮೂರೂ ಶಿಮ್ ಹಾಕಿ, ಸೀಲ್ ನೇರವಾಗಿ ಕೂರಿಸಿ, ಫ್ಲೈವೀಲ್ ಒಳಗಿನ ಓ-ರಿಂಗ್ (ರಬ್ಬರ್ ಉಂಗುರ) ಹೊಸದು ಹಾಕಿ, ಮತ್ತೆ ಬಿಗಿ ಮಾಡಿ ಇನ್ನೊಂದು ಸಲ ಅಳೆಯಬೇಕು. ಯಾವಾಗಲೂ ಶಿಮ್ ಮೂರೇ. ಎರಡಲ್ಲ, ನಾಲ್ಕಲ್ಲ. ಮಧ್ಯದ ಆ 36 ಎಂಎಂ ನಟ್ಟಿಗೆ 300 ನ್ಯೂಟನ್ ಮೀಟರ್ ಹತ್ತಿರ ಬಿಗಿ ಬೇಕು, ಉದ್ದದ ಪೈಪ್ ಇಟ್ಟುಕೊಳ್ಳಿ, ಫ್ಲೈವೀಲ್ ತಿರುಗದ ಹಾಗೆ ಹಿಡಿಯಲು ಒಬ್ಬರು ಬೇಕು.


ತುಕ್ಕುರಾಯ:

ಸಿಕ್ಕಿತು!

ಎಂಜಿನ್ ಇಳಿಸಿ ಗೇಜ್ ಇಟ್ಟೆವು, ಮುಳ್ಳು ತೋರಿಸಿದ್ದು 0.43. ನಾಲ್ಕು ಜನವೂ ಬಾಯಿಬಿಟ್ಟುಕೊಂಡು ನೋಡಿದೆವು. ಫ್ಲೈವೀಲ್ ತೆಗೆದರೆ ಓ-ರಿಂಗ್ ಕತ್ತರಿಸಿ ಎರಡು ತುಂಡಾಗಿತ್ತು, ಎಣ್ಣೆ ಬಂದ ದಾರಿ ಅದೇ. ಸೀಲ್ ಕಿತ್ತರೆ ಒಳಗೆ ಶಿಮ್ ಎರಡೇ.

ವೆಲ್ಡಿಂಗ್ ಗೆಳೆಯ ತಲೆ ಮೇಲೆ ಕೈ ಇಟ್ಟುಕೊಂಡು ಕೂತ. ‘ನಾನು ಸರಿಯಾಗೇ ಮಾಡಿದ್ದೆ’ ಅಂತ ಎರಡು ಸಲ ಹೇಳಿದ. ಆಗ ನಮ್ಮ ಟಾರ್ಚ್ ಹಿಡಿಯುವವನು ಮೊಬೈಲ್ ತೆಗೆದು ಹಳೇ ಫೋಟೋ ಒಂದೊಂದೇ ಸರಿಸಿದ. ಒಂದರಲ್ಲಿ ಫ್ಲೈವೀಲ್ ಕೂತಿದೆ, ಗೇಜ್ ಇದೆ, ಪಕ್ಕದ ಬಟ್ಟೆ ಮೇಲೆ ಮೂರನೇ ಶಿಮ್ ಬಿದ್ದಿದೆ, ಹೊಳೆಯುತ್ತಿದೆ. ವೆಲ್ಡಿಂಗ್ ಗೆಳೆಯ ಆವತ್ತು ಎರಡು ಶಿಮ್ ಹಾಕಿ ಅಳತೆ ತೆಗೆದು, ಕತ್ತಲಾಯಿತು ಅಂತ ಹಾಗೇ ಬಿಟ್ಟು ಹೋಗಿದ್ದಾನೆ. ಮುಂದಿನ ಭಾನುವಾರ ಅವನು ಬಂದಿರಲಿಲ್ಲ. ಅವತ್ತು ಫ್ಲೈವೀಲ್ ತೆಗೆದು, ‘ಅಯ್ಯೋ ಸೀಲೇ ಹಾಕಿಲ್ಲ ನೋಡಿ’ ಅಂತ ನಕ್ಕು, ಸೀಲ್ ಹೊಡೆದು, ಹಳೇ ಓ-ರಿಂಗಿನ ಮೇಲೇ ಫ್ಲೈವೀಲ್ ಬಿಗಿ ಮಾಡಿದ ಮಹಾನುಭಾವ ಯಾರು ಗೊತ್ತಾ? ನಾನೇ. ಆ ಫೋಟೋವೂ ಇತ್ತು, ಪೈಪ್ ಹಿಡಿದುಕೊಂಡು ಹಲ್ಲು ಬಿಡುತ್ತಿದ್ದೇನೆ.

ಶಿಮ್ ಸ್ಕ್ರೂ ಡಬ್ಬಿಯಲ್ಲೇ ಇತ್ತು. ಮೈಕ್ರೋಮೀಟರ್‌ನಲ್ಲಿ 0.34. ಮೊದಲನೇ ಬೇರಿಂಗಿನ ಅಂಚನ್ನು ಟಾರ್ಚ್ ಹಾಕಿ ನೋಡಿದೆವು, ಉಗುರು ಆಡಿಸಿದರೂ ಏಟು ಬಿದ್ದ ಗುರುತು ಸಿಗಲಿಲ್ಲ. ಮೂರೂ ಶಿಮ್, ಹೊಸ ಸೀಲ್, ಹೊಸ ಓ-ರಿಂಗ್ ಹಾಕಿ ವೆಲ್ಡಿಂಗ್ ಗೆಳೆಯನ ಕೈಯಲ್ಲೇ ನಟ್ಟು ಬಿಗಿ ಮಾಡಿಸಿದೆ. ಈಗ ಆಟ 0.09. ನಟ್ಟಿನ ಮೇಲೆ ಪೇಂಟ್ ಗೆರೆ ಎಳೆದವನೂ ಅವನೇ. ಹಳದಿ ಟೇಪ್ ತಂದಾಗಿದೆ, ಮೊದಲನೇ ತುಂಡು ನನ್ನ ಬೆನ್ನಿಗೆ ಅಂಟಿಸಿದ್ದರು, ಮನೆಗೆ ಹೋಗುವವರೆಗೂ ಗೊತ್ತಾಗಲಿಲ್ಲ.

87ರ ಮಾತು ನಿಂತಿದೆ. 1776ರ ಮಾತು ನಿಂತಿಲ್ಲ, ಆದರೆ ಬೇರೆ ಕೇಸ್ ಒಂದು ಹುಡುಕಿ ಅದನ್ನು ನಿಧಾನಕ್ಕೆ ಕಟ್ಟೋಣ, ಅಲ್ಲಿಯವರೆಗೆ ಇದು ಓಡಲಿ ಅಂತ ಎಲ್ಲರೂ ಒಪ್ಪಿದ್ದಾರೆ.

ಕೊನೆಯ ಪ್ರಶ್ನೆ. ಕ್ಲಚ್ ಪ್ಲೇಟಿಗೆ ಎಣ್ಣೆ ಕುಡಿಸಿದ್ದೇವಲ್ಲ, ಅದನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಹಾಕಬಹುದಾ? ನೋಡಲು ಹೊಸದರ ಹಾಗೇ ಇದೆ.


ಹಳೇಪಾನಾ:

ಬೇಡ.


ಗಾಳಿಎಂಜಿನ್:

ಬೇಡ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ, ಜಾರುತ್ತದೆ, ಇಲ್ಲಾ ಕಚ್ಚಿ ಕಚ್ಚಿ ನಡುಗುತ್ತದೆ. ಆಮೇಲೆ ಐದನೇ ಭಾನುವಾರ ಮತ್ತೆ ಎಂಜಿನ್ ಇಳಿಸಿ ಕೂರುತ್ತೀರಿ.


ಸಂಜೆಗ್ಯಾರೇಜ್:

ಆ ಹಲ್ಲು ಬಿಡುವ ಫೋಟೋ ಹಾಕಿ ಸ್ವಾಮಿ.