ಉಡುಗೊರೆ ಸುತ್ತಲು ರವಿಕೆ ಕಣವೇ ಸಾಕು

ಆತ್ಮೀಯರೇ,

ಮಗುವಿನ ಹುಟ್ಟುಹಬ್ಬ ಮುಗಿದ ಮೇಲೆ ಉಳಿಯುವ ಮಿರುಗು ಕಾಗದದ ರಾಶಿಯನ್ನು ಯಾವ ಕಸದ ಚೀಲಕ್ಕೆ ಹಾಕಬೇಕೆಂದು ಟೋಕಿಯೊಗೆ ಹೊಸದಾಗಿ ಬಂದಿರುವ ಒಬ್ಬ ತಾಯಿ ಕಳೆದ ವಾರ ನಮ್ಮ ಗುಂಪಿನಲ್ಲಿ ಕೇಳಿದ್ದರು. ಕಸದ ಮಟ್ಟಿಗೆ ಉತ್ತರ ಚಿಕ್ಕದು. ಲೋಹದ ಲೇಪ, ಪ್ಲಾಸ್ಟಿಕ್ ಲೇಪ ಅಥವಾ ಮೇಣ ಇರುವ ಕಾಗದವನ್ನು ಇಲ್ಲಿ ಮರುಬಳಕೆಯ ಹಳೆ ಕಾಗದದ ಜೊತೆ ಸೇರಿಸುವಂತಿಲ್ಲ. ವಾಸನೆ ಹಿಡಿದ ಕಾಗದಕ್ಕೂ ಅದೇ ನಿಯಮವಿರುವುದರಿಂದ ನಮ್ಮ ಊದುಬತ್ತಿಯ ಪೆಟ್ಟಿಗೆಗಳೂ ಆ ಪಟ್ಟಿಗೆ ಸೇರುತ್ತವೆ. ಆದರೆ ಇಂಥ ಕಾಗದ ಮನೆಗೆ ಬರುವುದನ್ನೇ ತಪ್ಪಿಸಲು ನಮ್ಮ ಬೀರುವಿನಲ್ಲಿಯೇ ಒಂದು ವಸ್ತು ಇದೆ ಎಂಬುದನ್ನು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಮಗಳನ್ನು ಇಲ್ಲಿನ ಶಿಶುವಿಹಾರಕ್ಕೆ ಸೇರಿಸಿದಾಗ ಶಾಲೆಯವರು ಒಂದು ಪಟ್ಟಿ ಕೊಟ್ಟರು. ಶೂ ಇಡಲು ಒಂದು ಚೀಲ, ಲೋಟ ಇಡಲು ಲಾಡಿ ಹಾಕಿದ ಚಿಕ್ಕ ಚೀಲ, ಬುತ್ತಿ ಡಬ್ಬಿ ಕಟ್ಟಲು ಚೌಕ ಬಟ್ಟೆ, ಹೀಗೆ ಎಲ್ಲವನ್ನೂ ಸೆಂಟಿಮೀಟರ್ ಲೆಕ್ಕದಲ್ಲಿ ಹೊಲಿದು ತರಬೇಕಿತ್ತು. ಹೊಲಿಗೆ ಯಂತ್ರವಿಲ್ಲದ ಮನೆಯಲ್ಲಿ ಅದು ನನಗೆ ದೊಡ್ಡ ಚಿಂತೆಯಾಯಿತು. ಕೊನೆಗೆ ಊರಿನಿಂದ ತಂದಿದ್ದ ರವಿಕೆ ಕಣಗಳನ್ನು ಕತ್ತರಿಸಿ ಕೈಹೊಲಿಗೆಯಲ್ಲಿಯೇ ಮುಗಿಸಿದೆ. ಕೆಲವೇ ವಾರಗಳಲ್ಲಿ ನಾಲ್ಕು ವರ್ಷದ ಮಗಳು ಬಟ್ಟೆಯನ್ನು ಹಾಸಿ, ಡಬ್ಬಿಯನ್ನು ನಡುವೆ ಇಟ್ಟು, ನಾಲ್ಕು ಮೂಲೆಗಳನ್ನು ಎತ್ತಿ ಗಂಟು ಹಾಕುವುದನ್ನು ಕಲಿತಳು. ನನ್ನ ಅಜ್ಜ ಹೊಲಕ್ಕೆ ಒಯ್ಯುತ್ತಿದ್ದ ರೊಟ್ಟಿಯ ಬುತ್ತಿಗಂಟನ್ನು ನಾನು ನೋಡಿದ್ದೆ. ಅದನ್ನು ನನ್ನ ಮಗಳ ಕೈಯಲ್ಲಿ, ಊರಿನಿಂದ ಇಷ್ಟು ದೂರದಲ್ಲಿ ಮತ್ತೆ ನೋಡುತ್ತೇನೆಂದು ಎಣಿಸಿರಲಿಲ್ಲ.

ಜಪಾನೀಯರು ಹೀಗೆ ಕಟ್ಟುವ ಚೌಕ ಬಟ್ಟೆಯನ್ನು ಫುರೊಶಿಕಿ ಎನ್ನುತ್ತಾರೆ. ಫುರೊ ಎಂದರೆ ಸ್ನಾನ, ಶಿಕಿ ಎಂದರೆ ಹಾಸುವುದು. ಸಾರ್ವಜನಿಕ ಸ್ನಾನಗೃಹಗಳಲ್ಲಿ ಜನ ತಮ್ಮ ಉಡುಪನ್ನು ಕಟ್ಟಿಡಲು ಈ ಬಟ್ಟೆಯನ್ನು ಬಳಸುತ್ತಿದ್ದುದರಿಂದ ಆ ಹೆಸರು ನಿಂತಿತು. ಪ್ಲಾಸ್ಟಿಕ್ ಚೀಲಗಳು ಬಂದ ಮೇಲೆ ಹಿಂದೆ ಸರಿದಿದ್ದ ಈ ಬಟ್ಟೆಯನ್ನು, ಆಗ ಪರಿಸರ ಸಚಿವೆಯಾಗಿದ್ದ ಯುರಿಕೊ ಕೊಯಿಕೆ ಅವರು 2006ರಲ್ಲಿ ಬಳಸಿದ ಬಾಟಲಿಗಳ ಪ್ಲಾಸ್ಟಿಕ್ಕಿನಿಂದ ತಯಾರಾದ ನೂಲಿನಲ್ಲಿ ನೇಯಿಸಿ, 'ಮೊತ್ತೈನೈ ಫುರೊಶಿಕಿ' ಎಂದು ಕರೆದು ಮತ್ತೆ ಜನರ ಮುಂದಿಟ್ಟರು. ಮೊತ್ತೈನೈ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ 'ದಂಡ ಮಾಡಬೇಡ' ಎಂಬುದಕ್ಕಿಂತ ಹತ್ತಿರದ ಕನ್ನಡ ನನಗೆ ಹೊಳೆದಿಲ್ಲ.

ಪರದೇಶದಲ್ಲಿರುವ ಕನ್ನಡದ ಮನೆಗಳಲ್ಲಿ ಹೊಲಿಸದೆ ಉಳಿದ ರವಿಕೆ ಕಣಗಳ ಅಡುಕು ಇದ್ದೇ ಇರುತ್ತದೆ. ಅರಿಶಿನ ಕುಂಕುಮಕ್ಕೆ ಕರೆದವರು ಕೊಟ್ಟದ್ದು, ಊರಿಗೆ ಹೋದಾಗ ಅತ್ತೆ, ಚಿಕ್ಕಮ್ಮ, ಅತ್ತಿಗೆಯರು ಉಡಿ ತುಂಬಿದಾಗ ಬಂದದ್ದು, ಮದುವೆಯ ತಾಂಬೂಲದ ಚೀಲದಲ್ಲಿ ಸಿಕ್ಕಿದ್ದು, ಎಲ್ಲವೂ ಒಂದರ ಮೇಲೊಂದು ಕೂತಿರುತ್ತವೆ. ಇವುಗಳ ಉದ್ದ ಸಾಮಾನ್ಯವಾಗಿ 80 ಸೆಂಟಿಮೀಟರಿನಿಂದ 1 ಮೀಟರ್. ಅಗಲವನ್ನೂ 80ಕ್ಕೆ ಕತ್ತರಿಸಿ ಅಂಚು ಮಡಿಚಿ ಹೊಲಿದರೆ ಒಳ್ಳೆಯ ಫುರೊಶಿಕಿ ಸಿದ್ಧವಾಗುತ್ತದೆ. ಬಟ್ಟೆಯ ಮೂಲೆಯಿಂದ ಎದುರು ಮೂಲೆಗೆ ಅಳೆದಾಗ ಬರುವ ಉದ್ದ ಪೆಟ್ಟಿಗೆಯ ಉದ್ದದ ಸುಮಾರು ಮೂರರಷ್ಟಿರಬೇಕು ಎಂಬುದು ಇಲ್ಲಿನವರ ಅಂದಾಜು. 80 ಸೆಂಟಿಮೀಟರಿನ ಚೌಕದಲ್ಲಿ ಆ ಅಳತೆ ಸುಮಾರು 113 ಬರುವುದರಿಂದ 37 ಸೆಂಟಿಮೀಟರ್ ಉದ್ದದ ಆಟಿಕೆಯ ಪೆಟ್ಟಿಗೆಯವರೆಗೂ ಅದು ಸಾಕಾಗುತ್ತದೆ. ಕಥೆ ಪುಸ್ತಕಕ್ಕೆ 50 ಸೆಂಟಿಮೀಟರಿನ ಚೌಕ ಧಾರಾಳವಾಯಿತು.

ಬಟ್ಟೆಯನ್ನು ವಜ್ರಾಕಾರವಾಗಿ ಹಾಸಿ, ಪೆಟ್ಟಿಗೆಯನ್ನು ನಡುವೆ ಇಟ್ಟು, ಮೊದಲು ಹತ್ತಿರದ ಮೂಲೆಯನ್ನೂ ಅನಂತರ ಎದುರಿನ ಮೂಲೆಯನ್ನೂ ಪೆಟ್ಟಿಗೆಯ ಮೇಲೆ ಮಡಿಚಿ, ಉಳಿದ ಎರಡು ಮೂಲೆಗಳನ್ನು ಮೇಲೆ ತಂದು ಗಂಟು ಹಾಕಬೇಕು. ಮೊದಲ ಸುತ್ತಿನಲ್ಲಿ ಬಲದ ತುದಿ ಎಡದ ಮೇಲೆ ಬಂದಿದ್ದರೆ, ಎರಡನೆಯ ಸುತ್ತಿನಲ್ಲಿ ಎಡಕ್ಕೆ ಬಂದ ಅದೇ ತುದಿ ಮತ್ತೆ ಮೇಲೆ ಬರಬೇಕು. ಸರಿಯಾಗಿ ಬಿದ್ದ ಗಂಟಿನ ಎರಡು ಕಿವಿಗಳು ಮೊಲದ ಕಿವಿಯಂತೆ ಅಡ್ಡಕ್ಕೆ ಮಲಗುತ್ತವೆ. ಅವು ಮೇಲೆ ಕೆಳಗೆ ನಿಂತರೆ ಗಂಟು ತಪ್ಪಾಗಿದೆ, ಜಾರುತ್ತದೆ ಎಂದು ಅರ್ಥ. ಬಿಚ್ಚುವಾಗ ಉಗುರಿನಿಂದ ಎಳೆಯುವ ಅಗತ್ಯವಿಲ್ಲ. ಒಂದು ಕಿವಿಯನ್ನು ಎದುರು ಕಡೆಗೆ ತಿರುಗಿಸಿ ಬಲವಾಗಿ ಎಳೆದರೆ ಆ ಎಳೆ ನೆಟ್ಟಗಾಗುತ್ತದೆ, ಉಳಿದ ಸುತ್ತು ಅದರ ಮೇಲಿಂದ ಜಾರಿ ಬರುತ್ತದೆ. ಮಕ್ಕಳಿಗೆ ಈ ಬಿಚ್ಚುವ ಕ್ರಮವೇ ಹೆಚ್ಚು ಪ್ರಿಯ. ಹತ್ತಿಯ ಕಣದಲ್ಲಿ ಗಂಟು ಚೆನ್ನಾಗಿ ನಿಲ್ಲುತ್ತದೆ, ನುಣುಪಾದ ಕೃತಕ ರೇಷ್ಮೆಯಲ್ಲಿ ಸಡಿಲವಾಗುತ್ತದೆ. ಗುಳೇದಗುಡ್ಡದ ಖಣವನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ. ಅದನ್ನು ಇಡಿಯಾಗಿಯೇ ಪುಸ್ತಕಕ್ಕೆ ಸುತ್ತಿ ಕೊಡಿ.

ಇದಕ್ಕಾಗಿ ಅಂಗಡಿಯಿಂದ ಹೊಸ ಬಟ್ಟೆ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಹತ್ತಿಯನ್ನು ಬೆಳೆಯಲು, ನೇಯಲು, ಬಣ್ಣ ಹಾಕಲು ಬಹಳ ನೀರು ಮತ್ತು ಶಕ್ತಿ ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ಮೇಲೆ ಕಡಿಮೆ ಹೊರೆ ಹಾಕಬೇಕಾದರೆ ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ಆ ಲೆಕ್ಕ ಕೈಚೀಲದ್ದೇ ಹೊರತು ಉಡುಗೊರೆಯ ಹೊದಿಕೆಯದಲ್ಲ. ಆದರೂ ಈಗಾಗಲೇ ಮನೆಯಲ್ಲಿರುವ ಬಟ್ಟೆಗೆ ಕೆಲಸ ಕೊಡುವುದೇ ಸರಿ ಎಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಬಟ್ಟೆ ಯಾರಿಗೆ ಸೇರಿದ್ದು ಎಂಬ ಗೊಂದಲ ಹಲವರಲ್ಲಿದೆ. ಜಪಾನೀಯರ ಮನೆಗೆ ಹೋದಾಗ ಉಡುಗೊರೆಯನ್ನು ನಾವೇ ಗಂಟಿನಿಂದ ಬಿಡಿಸಿ ಕೈಗೆ ಕೊಟ್ಟು, ಬಟ್ಟೆಯನ್ನು ಮಡಿಚಿ ವಾಪಸು ತರುವುದು ಇಲ್ಲಿನ ಹಳೆಯ ಶಿಷ್ಟಾಚಾರ. ನಮ್ಮವರೊಳಗೆ ಬಟ್ಟೆಯೂ ಉಡುಗೊರೆಯ ಭಾಗವೇ ಆಗಲಿ, ಮುಂದಿನ ಹುಟ್ಟುಹಬ್ಬಕ್ಕೆ ಅದು ಇನ್ನೊಂದು ಮನೆಗೆ ಹೋಗಲಿ. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸದೆ ಒಂದು ಹಿಡಿ ಸಕ್ಕರೆಯನ್ನೋ ಒಂದು ಹಣ್ಣನ್ನೋ ಇಟ್ಟು ಕೊಡುವ ನಮ್ಮ ಪದ್ಧತಿಯೂ ಇಲ್ಲಿ ಇದೆ, ಅದಕ್ಕೆ ಓ-ಉತ್ಸುರಿ ಎಂಬ ಹೆಸರಿದೆ. ಕಳೆದ ದೀಪಾವಳಿಗೆ ಪಕ್ಕದ ಮನೆಯ ಅಜ್ಜಿಗೆ ಚಕ್ಕುಲಿಯ ಡಬ್ಬಿಯನ್ನು ಕಣದಲ್ಲಿ ಕಟ್ಟಿ, ಬಟ್ಟೆಯ ಸಮೇತ ಬಿಟ್ಟು ಬಂದಿದ್ದೆ. ಮೂರನೆಯ ದಿನ ಅದೇ ಗಂಟು ಕಾಕಿ (ಪರ್ಸಿಮನ್) ಹಣ್ಣುಗಳೊಂದಿಗೆ ನಮ್ಮ ಬಾಗಿಲಿಗೆ ಬಂತು.

ಗೌರಿಹಬ್ಬದ ಬಾಗಿನದ ಅರ್ಥವನ್ನು ಮಗಳಿಗೆ ಹೇಳಿಕೊಡಲು ಆಮೇಲೆ ಕಷ್ಟವಾಗಲಿಲ್ಲ. ಒಂದು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಧಾನ್ಯ, ರವಿಕೆ ಕಣ ಇಟ್ಟು ಇನ್ನೊಂದು ಮೊರವನ್ನು ಮುಚ್ಚಿ ಕೊಡುವ ಆ ಉಡುಗೊರೆಯಲ್ಲಿ, ಪಡೆದವರ ಮನೆಯಲ್ಲಿ ಮೊರ ಮರುದಿನದಿಂದಲೇ ಅಕ್ಕಿ ಕೇರಲು ಬರುತ್ತಿತ್ತು. ಇಲ್ಲಿ ಮೊರ ಸಿಗದ ಕಾರಣ ನಾವು ಸೋಬಾ ಎಂಬ ಇಲ್ಲಿನ ಶಾವಿಗೆ ಬಡಿಸುವ ಬಿದಿರಿನ ತಟ್ಟೆಗಳನ್ನು ಜೋಡಿಸಿ ಕೊಡುತ್ತಿದ್ದೇವೆ.

ಯುಗಾದಿಯ ಕೂಟಕ್ಕೆ ಅಂಚು ಹೊಲಿದ 12 ಕಣಗಳನ್ನು ತರುತ್ತೇನೆ. ಪ್ರಶ್ನೆ ಕೇಳಿದ ತಾಯಿ ಅವುಗಳಲ್ಲಿ ಬೇಕಾದುದನ್ನು ಮೊದಲು ಆರಿಸಿಕೊಳ್ಳಲಿ. ಊಟಕ್ಕೆ ಮುಂಚೆ ಅರ್ಧ ಗಂಟೆ ಮಕ್ಕಳನ್ನು ನನ್ನ ಬಳಿ ಬಿಟ್ಟರೆ ಗಂಟು ಹಾಕುವುದನ್ನು ಮಗಳೇ ಅವರಿಗೆ ಹೇಳಿಕೊಡುತ್ತಾಳೆ; ಕಟ್ಟಿ ಅಭ್ಯಾಸ ಮಾಡಲು ಪ್ರತಿ ಮಗುವೂ ಒಂದು ಪುಸ್ತಕವನ್ನು ತಂದರೆ ಸಾಕು.