ಕಂಪನಿಯ ಖರ್ಚಿನಲ್ಲಿ ಲಾರಿ ಚಾಲನೆ ಕಲಿಯುವುದು: ಹೋಗಿಬಂದವರ ಅನುಭವಗಳು

ಪ್ರಶ್ನೆ (ಹೊಸನಗರ ತಾಲ್ಲೂಕಿನಿಂದ)

ನನಗೀಗ 22 ವರ್ಷ. ಮನೆಯಲ್ಲಿ ಒಂದೂವರೆ ಎಕರೆ ಅಡಿಕೆ ತೋಟವಿದೆ. ಎಲೆಚುಕ್ಕಿ ರೋಗ ಬಿದ್ದ ಮೇಲೆ ಅದನ್ನೇ ನಂಬಿ ಕೂರುವ ಧೈರ್ಯ ಅಪ್ಪನಿಗೂ ಉಳಿದಿಲ್ಲ. ಕಾರಿನ ಲೈಸೆನ್ಸ್ ಪಡೆದು ಎರಡು ವರ್ಷವಾಯಿತು. ಬೆಂಗಳೂರಿನ ಸರಕು ಸಾಗಣೆ ಕಂಪನಿಯೊಂದು ಆರು ವಾರ ಊಟ, ವಸತಿ ಕೊಟ್ಟು ಲಾರಿ ಚಾಲನೆ ಕಲಿಸಿ, ಹೆವಿ ಲೈಸೆನ್ಸನ್ನೂ ತಾನೇ ಮಾಡಿಸಿ ಕೆಲಸಕ್ಕೆ ಸೇರಿಸಿಕೊಳ್ಳುವುದಾಗಿ ಹೇಳುತ್ತಿದೆ. ಪ್ರತಿಯಾಗಿ ಎರಡು ವರ್ಷ ಅಲ್ಲಿಯೇ ದುಡಿಯುವುದಾಗಿ ಬಾಂಡ್ ಬರೆದುಕೊಡಬೇಕು. ನಡುವೆ ಬಿಟ್ಟರೆ 70,000 ರೂಪಾಯಿ ಕಟ್ಟಬೇಕು. ಈ ದಾರಿಯಲ್ಲಿ ಹೋದವರು, ಹೋಗಿ ಹಿಂದಿರುಗಿದವರು ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ತೀರ್ಥಹಳ್ಳಿಯಿಂದ

ನಾನು ಇಂಥದೇ ಬಾಂಡಿಗೆ ಸಹಿ ಹಾಕಿ, ಬೇರೊಂದು ಕಂಪನಿಯಲ್ಲಿ 14 ತಿಂಗಳು ದುಡಿದು, ಕೊನೆಗೆ ಹಣ ಕಟ್ಟಿ ಹೊರಬಂದವನು. ಆದ್ದರಿಂದ ನನ್ನ ಮಾತಿನಲ್ಲಿ ಕಹಿ ಕಂಡರೆ ಅಷ್ಟನ್ನು ಕಳೆದು ಓದಿಕೊಳ್ಳಿ.

ತರಬೇತಿಯನ್ನು ನಾನು ದೂರುವುದಿಲ್ಲ. ಮೊದಲ ವಾರ ನಮಗೆ ಸ್ಟೇರಿಂಗ್ ಮುಟ್ಟಲೂ ಬಿಡಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಲಾರಿಯ ಸುತ್ತ ಒಂದು ಸುತ್ತು ಬಂದು, ಹಿಂದಿನ ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ, ಚಕ್ರದ ನಟ್ಟುಗಳ ಸುತ್ತ ತುಕ್ಕಿನ ಗೆರೆ ಇಳಿದಿದೆಯೇ, ಬ್ರೇಕಿಗೆ ಬೇಕಾದ ಗಾಳಿ ತುಂಬಿರುವ ಏರ್ ಟ್ಯಾಂಕಿನಲ್ಲಿ ನಿಂತ ನೀರನ್ನು ಹೊರಬಿಟ್ಟಿದೆಯೇ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕಾಗಿತ್ತು. ತುಕ್ಕಿನ ಗೆರೆ ಕಂಡರೆ ನಟ್ಟು ಸಡಿಲಾಗಿರಬಹುದು ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಹತ್ತು ವರ್ಷ ಕ್ಲೀನರ್ ಆಗಿದ್ದ ನಮ್ಮ ಊರಿನವರೊಬ್ಬರಿಗೂ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲವಂತೆ.

ತೊಡಕು ಶುರುವಾದದ್ದು ತರಬೇತಿ ಮುಗಿದ ಮೇಲೆ. ಮೂರು ತಿಂಗಳು ಹಿರಿಯ ಚಾಲಕರ ಜೊತೆಯಲ್ಲಿಯೇ ಕಳಿಸುತ್ತೇವೆ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. 19ನೆಯ ದಿನ ಹತ್ತು ಚಕ್ರದ ಗಾಡಿಯ ಕೀಲಿ ಕೊಟ್ಟು ಒಬ್ಬನನ್ನೇ ಹುಬ್ಬಳ್ಳಿಗೆ ಕಳಿಸಿದರು. ಸಂಬಳ ಹೇಳಿದಷ್ಟೇ ಬಂದರೂ, ಮೈಲೇಜ್ ಕಡಿಮೆಯಾಯಿತೆಂದು, ಲೋಡಿನಲ್ಲಿ ಎರಡು ಪೆಟ್ಟಿಗೆ ಜಜ್ಜಿವೆಯೆಂದು, ಟೈರು ಸವೆದಿದೆಯೆಂದು ಬಾಟಾದಲ್ಲಿ, ಅಂದರೆ ಪ್ರಯಾಣದ ಖರ್ಚಿಗೆಂದು ಕೊಡುವ ಭತ್ಯೆಯಲ್ಲಿ, ಕಡಿತವಾಗುತ್ತಿತ್ತು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ನನ್ನನ್ನು ಕೆಡವಿದ್ದು ಬಾಂಡಿನ ಎರಡು ಸಾಲುಗಳು. ಅವಧಿಯನ್ನು ಕೆಲಸಕ್ಕೆ ಸೇರಿದ ದಿನದಿಂದಲ್ಲ, ಹೆವಿ ಲೈಸೆನ್ಸ್ ಕೈಗೆ ಬಂದ ದಿನದಿಂದ ಎಣಿಸುವುದಾಗಿ ಒಂದು ಸಾಲಿನಲ್ಲಿತ್ತು. ಎಷ್ಟು ತಿಂಗಳು ದುಡಿದರೂ, ನಡುವೆ ಬಿಟ್ಟರೆ ಪೂರ್ತಿ ಮೊತ್ತ ಕಟ್ಟಬೇಕೆಂದು ಇನ್ನೊಂದರಲ್ಲಿತ್ತು. ಇಂಗ್ಲಿಷಿನಲ್ಲಿದ್ದ ಆ ಆರು ಪುಟಗಳನ್ನು ನಾನು ಓದದೆ ಸಹಿ ಹಾಕಿದ್ದೆ. ತಪ್ಪು ನನ್ನದೂ ಹೌದು.

ಕನ್ನಡದ ಪ್ರತಿ ಕೇಳಿ. ಲಾರಿಯಲ್ಲಿ ಮೊದಲ ಮೂರು ತಿಂಗಳು ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದನ್ನು ಬರವಣಿಗೆಯಲ್ಲಿಯೇ ತೆಗೆದುಕೊಳ್ಳಿ. ದುಡಿದ ತಿಂಗಳುಗಳಿಗೆ ತಕ್ಕಂತೆ ಮೊತ್ತ ಇಳಿಯುವುದಾದರೆ ಎರಡು ವರ್ಷದ ಬಾಂಡಿಗೆ ಹೆದರಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಾಗರದಿಂದ, ಚಾಲನಾ ಶಾಲೆಯಲ್ಲಿ ಕಲಿಸುವವರು

ಲೈಸೆನ್ಸಿನ ವಿಚಾರವನ್ನಷ್ಟೇ ಹೇಳುತ್ತೇನೆ. ಸಾರಿಗೆ ವಾಹನ ಓಡಿಸಲು ಕನಿಷ್ಠ 20 ವರ್ಷ ತುಂಬಿರಬೇಕು ಮತ್ತು ಅದರ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಪಡೆಯಲು ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಒಂದು ವರ್ಷವಾಗಿರಬೇಕು. ನಿಮಗೆ ಎರಡೂ ಸರಿಯಿದೆ. ಮೊದಲಿದ್ದ ಎಂಟನೆಯ ತರಗತಿಯ ನಿಬಂಧನೆಯನ್ನು 2019ರಲ್ಲಿ ತೆಗೆದುಹಾಕಲಾಯಿತು. ವೈದ್ಯರು ಬರೆದುಕೊಡುವ ನಮೂನೆ 1ಎ, ಅಂದರೆ ವೈದ್ಯಕೀಯ ಪ್ರಮಾಣಪತ್ರ, ಬೇಕು. ಕಣ್ಣಿನ ದೋಷವಿದ್ದರೆ ಸಹಿ ಹಾಕುವ ಮೊದಲೇ ತಪಾಸಣೆ ಮಾಡಿಸಿಕೊಳ್ಳಿ. ತರಬೇತಿಯ ನಡುವೆ ಗೊತ್ತಾದರೆ ನಿಮಗೂ ಕಷ್ಟ, ಅವರಿಗೂ ನಷ್ಟ.

ಕಂಪನಿ ನಿಮ್ಮನ್ನು ಕಳಿಸುವುದು ಸರ್ಕಾರದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಕ್ಕೋ, ತನ್ನದೇ ಅಂಗಳಕ್ಕೋ ಎಂದು ಕೇಳಿ ತಿಳಿದುಕೊಳ್ಳಿ. 2021ರ ಜುಲೈನಿಂದ ಜಾರಿಯಲ್ಲಿರುವ ನಿಯಮದಂತೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಭಾರೀ ವಾಹನಕ್ಕೆ ಆರು ವಾರಗಳಲ್ಲಿ 38 ಗಂಟೆಗಳ ತರಬೇತಿ ಇರುತ್ತದೆ. ಅಲ್ಲಿ ತೇರ್ಗಡೆಯಾದವರು ಆರ್‌ಟಿಓ ಮುಂದೆ ಮತ್ತೆ ಗಾಡಿ ಓಡಿಸಿ ತೋರಿಸಬೇಕಾಗಿಲ್ಲ. 38 ಗಂಟೆ ಎಂದರೆ ಎಷ್ಟು ಕಡಿಮೆ ಎಂಬುದು ನಿಮಗೆ ಮೊದಲ ರಾತ್ರಿಯ ಪ್ರಯಾಣದಲ್ಲಿ ತಿಳಿಯುತ್ತದೆ. ಲೈಸೆನ್ಸ್ ನಿಮ್ಮ ಹೆಸರಿನದು, ಐದು ವರ್ಷ ನಡೆಯುತ್ತದೆ. ಅದರ ಮೂಲಪ್ರತಿಯನ್ನಾಗಲಿ ಅಂಕಪಟ್ಟಿಯನ್ನಾಗಲಿ ಯಾರ ಬೀರುವಿನಲ್ಲೂ ಇಡಬೇಡಿ.

ಶಿವಮೊಗ್ಗದಿಂದ, ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವರು

ಇಂಥ ಬಾಂಡುಗಳು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ, ಸಹಿ ಹಾಕಿ ಓಡಿಬನ್ನಿ ಎಂದು ಹೇಳುವವರಿದ್ದಾರೆ, ಅದನ್ನು ನಂಬಬೇಡಿ. ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟ ಬ್ಯಾಂಕ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆದರೆ 1872ರ ಕರಾರು ಕಾಯ್ದೆಯ 74ನೆಯ ಕಲಮಿನ ಪ್ರಕಾರ, ಕಾಗದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿಯಷ್ಟೇ; ಅದರೊಳಗೆ ನ್ಯಾಯವೆನಿಸುವಷ್ಟು ಪರಿಹಾರವನ್ನು ಮಾತ್ರ ಕೊಡಿಸಲಾಗುತ್ತದೆ. ಆದ್ದರಿಂದ ತರಬೇತಿಗೆ ಕಂಪನಿ ನಿಜವಾಗಿ ಎಷ್ಟು ಖರ್ಚು ಮಾಡುತ್ತದೆ ಎಂಬ ಲೆಕ್ಕವನ್ನು ಈಗಲೇ ಕೇಳಿ ಇಟ್ಟುಕೊಳ್ಳುವುದು ಜಾಣತನ. ಸಹಿ ಹಾಕಿದ ಖಾಲಿ ಚೆಕ್ ಮಾತ್ರ ಕೊಡಬೇಡಿ.

ಭದ್ರಾವತಿಯಿಂದ, ಚಾಲಕರೊಬ್ಬರ ಪತ್ನಿ

ನಮ್ಮ ಮನೆಯವರು ಕಂಪನಿಯ ಗಾಡಿಯಲ್ಲಿಯೇ ಒಂಬತ್ತು ವರ್ಷದಿಂದ ಇದ್ದಾರೆ, ಒಳ್ಳೆಯ ಕಂಪನಿಯೇ. ಪಿಎಫ್ ಇದೆಯೇ, ಅಪಘಾತ ವಿಮೆ ಎಷ್ಟಿದೆ, ತಿಂಗಳಿಗೆ ಎಷ್ಟು ದಿನ ಮನೆಗೆ ಬಿಡುತ್ತಾರೆ ಎಂಬುದನ್ನು ನಿಮ್ಮ ತಾಯಿಯವರ ಎದುರಿಗೇ ಫೋನಿನಲ್ಲಿ ಕೇಳಿ. ಕೊನೆಯ ಪ್ರಶ್ನೆಗೆ ತಡವರಿಸಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಭದ್ರಾವತಿಯಿಂದ, ನಿವೃತ್ತ ಚಾಲಕ

ತಮ್ಮಾ, ವಯಸ್ಸಿನಲ್ಲಿ ಹಿರಿಯನಾದ್ದರಿಂದ ಏಕವಚನದಲ್ಲಿಯೇ ಬರೆಯುತ್ತೇನೆ. ನಾನು ನಾಲ್ಕು ವರ್ಷ ಕ್ಲೀನರ್ ಆಗಿ, ಬೈಗುಳ ತಿಂದು ಕಲಿತವನು. ಊಟ ಹಾಕಿ ಕಲಿಸುವವರಿದ್ದಾರೆಂದರೆ ನನಗೆ ಹೊಟ್ಟೆಕಿಚ್ಚೇ ಆಗುತ್ತದೆ. ಆದರೆ ಬಯಲಿನಲ್ಲಿ ಕಲಿತವನಿಗೆ ಘಾಟಿ ಗೊತ್ತಿರುವುದಿಲ್ಲ. ಆಗುಂಬೆಯಲ್ಲಿ ದೊಡ್ಡ ಲಾರಿಗಳನ್ನು ಬಿಡುವುದಿಲ್ಲವಾದ್ದರಿಂದ ನಮ್ಮ ಜಿಲ್ಲೆಯಿಂದ ಕರಾವಳಿಗೆ ಇಳಿಯುವ ಲೋಡು ಹೆಚ್ಚಾಗಿ ಹುಲಿಕಲ್ ಮೇಲೆ ಇಲ್ಲವೇ ಗೇರುಸೊಪ್ಪೆಯ ಮೇಲೆ ಹೋಗುತ್ತದೆ.

ಹುಲಿಕಲ್ಲಿನಲ್ಲಿ ಚಂಡಿಕಾಂಬೆಗೆ ಕೈಮುಗಿದು ಹೊರಟ ಮೇಲೆ ನೆನಪಿಡಬೇಕಾದದ್ದು ಒಂದೇ: ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಹೊಸ ಹುಡುಗರು ಮೇಲಿನ ಗೇರಿನಲ್ಲಿ ಬಿಟ್ಟುಕೊಂಡು ತಿರುವು ತಿರುವಿಗೂ ಬ್ರೇಕ್ ತುಳಿಯುತ್ತಾರೆ. ತುಳಿದಂತೆಲ್ಲ ಏರ್ ಇಳಿಯುತ್ತದೆ, ಚಕ್ರದೊಳಗಿನ ಬ್ರೇಕ್ ಡ್ರಮ್ಮು ಕಾದು, ಅದಕ್ಕೆ ಉಜ್ಜಿ ಚಕ್ರ ನಿಲ್ಲಿಸುವ ಲೈನಿಂಗ್ ಹಿಡಿತ ಬಿಡುತ್ತದೆ. ಕ್ಯಾಬಿನ್ನಿಗೆ ಕರಕಲು ವಾಸನೆ ಬಂದಾಗ ಅರ್ಧ ಘಾಟಿ ಇನ್ನೂ ಬಾಕಿ ಇರುತ್ತದೆ. ಆಗ ಗಾಬರಿಯಿಂದ ಡ್ರಮ್ಮಿಗೆ ನೀರು ಹೊಯ್ದು ಸೀಳಿಸಿಕೊಂಡವರನ್ನು ಕಂಡಿದ್ದೇನೆ. ಗಾಡಿ ಬದಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ತಾನಾಗಿ ಆರುವವರೆಗೆ ಕಾಯಬೇಕು. ಎಂಜಿನ್ನಿನ ಹೊಗೆಯನ್ನು ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಬಳಸಿ ಲೋಡ್ ಗಾಡಿಯನ್ನು ಘಾಟಿಯಲ್ಲಿ ಇಳಿಸುವುದನ್ನು ಕಲಿಸುತ್ತೀರಾ ಎಂದು ಆ ಕಂಪನಿಯನ್ನು ಕೇಳು. ಇಲ್ಲವೆಂದರೆ ಉಳಿದ ಷರತ್ತು ಎಷ್ಟು ಚೆನ್ನಾಗಿದ್ದರೂ ನಾನಾದರೆ ಹೋಗುತ್ತಿರಲಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಋಣಿ. ಬಾಂಡಿನ ಪ್ರತಿ ತರಿಸಿಕೊಂಡೆ. ಅವಧಿಯನ್ನು ಸೇರಿದ ದಿನದಿಂದಲೇ ಎಣಿಸುತ್ತಾರೆ. ಆದರೆ ತಿಂಗಳಿಗೆ ತಕ್ಕಂತೆ ಮೊತ್ತ ಇಳಿಸುವ ಮಾತು ಇರಲಿಲ್ಲ. ಕೇಳಿದ್ದಕ್ಕೆ, ಒಂದು ವರ್ಷ ಕಳೆದ ಮೇಲೆ ಅರ್ಧಕ್ಕೆ ಇಳಿಸುವುದಾಗಿ ಬರೆದುಕೊಡಲು ಒಪ್ಪಿದ್ದಾರೆ. ಘಾಟಿಯ ತರಬೇತಿ ಅವರಲ್ಲಿ ಇಲ್ಲ. ಅದೊಂದಕ್ಕಾಗಿ ಬಿಡಬೇಕೇ ಎಂದು ಯೋಚಿಸುತ್ತಿದ್ದೇನೆ.

ಭದ್ರಾವತಿಯ ನಿವೃತ್ತ ಚಾಲಕರಿಂದ

ಬಿಡುವ ಮೊದಲು ಒಮ್ಮೆ ನೋಡಿಬಿಡು. ನನ್ನ ತಂಗಿಯ ಮಗನ ಲಾರಿ ಗುರುವಾರ ಲೋಡ್ ಹೊತ್ತು ಕುಂದಾಪುರಕ್ಕೆ ಹೋಗುತ್ತದೆ, ನಾನೂ ಜೊತೆಯಲ್ಲಿರುತ್ತೇನೆ. ಹೊಸನಗರದ ಬಸ್ ನಿಲ್ದಾಣದ ಹತ್ತಿರ ಬೆಳಿಗ್ಗೆ ಏಳಕ್ಕೆ ನಿಂತಿರು. ಸ್ಟೇರಿಂಗ್ ಕೊಡುವುದಿಲ್ಲ, ಪಕ್ಕದಲ್ಲಿ ಕುಳಿತು ಏರ್ ಮೀಟರಿನ ಮುಳ್ಳನ್ನು ಘಾಟಿಯ ಬುಡದ ಹೊಸಂಗಡಿಯವರೆಗೆ ನೋಡುತ್ತಾ ಬಾ.